ದೇವರು ಕರೆಯುವ ಹೆಸರು



ಒಬ್ಬರಾದ ಮೇಲೆ ಒಬ್ಬರಿಂದ ತಿರಸ್ಕಾರವನ್ನೇ ಉಂಡವರು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದ್ದಾರೆ. ಬಲಿಪೂಜೆಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತು, ಯಾರೂ ಮಾತನಾಡಿಸುವ ಮೊದಲೇ ಎದ್ದು ಹೋಗುತ್ತಾರೆ. ತವರಿನಲ್ಲಿ ಬೈಗುಳ, ಮದುವೆಯ ಮಾತು ಕೊಟ್ಟವನಿಂದ ಮೋಸ, ಕೊನೆಗೆ ಕೈಹಿಡಿದವನಿಂದ ಏಟು. (ಇಂಥ ನೋವುಂಡ ಗಂಡಸರೂ ಇದ್ದಾರೆ, ಹೇಳಿಕೊಳ್ಳುವುದು ಕಡಿಮೆ.) ಇಷ್ಟೆಲ್ಲ ಆದ ಮೇಲೆ ಮನಸ್ಸು ಒಂದು ಲೆಕ್ಕ ಹಾಕುತ್ತದೆ: "ಎಲ್ಲರೂ ನನ್ನನ್ನು ಹೀಗೆಯೇ ನಡೆಸಿಕೊಂಡರು, ಹಾಗಾದರೆ ನನ್ನ ಯೋಗ್ಯತೆಯೇ ಇಷ್ಟು."

ಈ ಲೆಕ್ಕ ತಪ್ಪು. ಆದರೆ ತಪ್ಪೆಂದು ಹೇಳಿದ ಮಾತ್ರಕ್ಕೆ ಅದು ಅಳಿಸಿಹೋಗುವುದಿಲ್ಲ. ಆದ್ದರಿಂದ ಈ ವಾರ ಕೊರ್ಟೋನಾದ ಸಂತ ಮಾರ್ಗರೇಟಳ ಜೀವನವನ್ನು ನಿಮ್ಮ ಮುಂದಿಡುತ್ತೇನೆ. ಆಕೆ ಮರಣಹೊಂದಿದ ದಿನ ಫೆಬ್ರವರಿ 22. ಅಂದೇ ಸಂತ ಪೇತ್ರರ ಪೀಠದ ಹಬ್ಬ ಬರುವುದರಿಂದ ಆಕೆಯ ಹೆಸರು ನಮ್ಮ ದೇವಾಲಯಗಳಲ್ಲಿ ಕೇಳಿಬರುವುದು ಅಪರೂಪ.

ಮಾರ್ಗರೇಟ್ ಹುಟ್ಟಿದ್ದು 1247ರಲ್ಲಿ, ಇಟಲಿಯ ಲವಿಯಾನೋ ಎಂಬ ಹಳ್ಳಿಯ ರೈತನ ಮನೆಯಲ್ಲಿ. ಎಳೆಯ ವಯಸ್ಸಿನಲ್ಲಿಯೇ ತಾಯಿ ತೀರಿಕೊಂಡಳು. ತಂದೆ ಮರುಮದುವೆಯಾದ, ಮಲತಾಯಿಗೆ ಈ ಹುಡುಗಿ ಬೇಡವಾದಳು. ಹದಿಹರೆಯದಲ್ಲಿ ಮೊಂತೆಪುಲ್ಚಾನೋದ ಒಬ್ಬ ಶ್ರೀಮಂತ ಯುವಕ ಮದುವೆಯಾಗುವುದಾಗಿ ನಂಬಿಸಿ ಕರೆದೊಯ್ದ. ಒಂಬತ್ತು ವರ್ಷ ಅವನ ಜೊತೆ ಇದ್ದಳು, ಒಬ್ಬ ಮಗನನ್ನು ಹೆತ್ತಳು. ಮದುವೆ ಮಾತ್ರ ನಡೆಯಲಿಲ್ಲ. ಒಂದು ದಿನ ಆತನ ಕೊಲೆಯಾಯಿತು. ಮಗನನ್ನು ಕಟ್ಟಿಕೊಂಡು ತವರಿಗೆ ಬಂದರೆ ಬಾಗಿಲು ತೆರೆಯಲಿಲ್ಲ.

ಮಗುವಿನೊಂದಿಗೆ ಆಕೆ ಕೊರ್ಟೋನಾ ಪಟ್ಟಣಕ್ಕೆ ನಡೆದಳು. ಮಾರಿನಾನಾ ಮತ್ತು ರಾನೇರಿಯಾ ಎಂಬ ಇಬ್ಬರು ಸ್ತ್ರೀಯರು ಆಕೆಗೆ ತಮ್ಮ ಮನೆಯಲ್ಲಿ ಆಶ್ರಯ ಕೊಟ್ಟರು. ಅಲ್ಲಿನ ಫ್ರಾನ್ಸಿಸ್ಕನ್ ಗುರುಗಳು ಆಕೆಗೆ ಮಾರ್ಗದರ್ಶನ ನೀಡಿದರು. ಕಷ್ಟ ಮುಗಿಯಿತು ಎನ್ನುತ್ತೀರೇನು? ಇಲ್ಲ. ಬೇರೆಯವರು ಆಕೆಯನ್ನು ಹೀಯಾಳಿಸುವುದನ್ನು ಬಿಟ್ಟ ಮೇಲೆ ಆಕೆಯೇ ತನ್ನನ್ನು ಹೀಯಾಳಿಸಿಕೊಳ್ಳತೊಡಗಿದಳು. ತನ್ನ ಸೌಂದರ್ಯವೇ ಶತ್ರುವೆಂದು ಮುಖವನ್ನು ವಿರೂಪಗೊಳಿಸಿಕೊಳ್ಳಲು ಹೊರಟಳು. ಕಣ್ಣಿಗೆ ಬಟ್ಟೆ, ಕೊರಳಿಗೆ ಹಗ್ಗ ಕಟ್ಟಿಸಿಕೊಂಡು ಮೊಂತೆಪುಲ್ಚಾನೋದ ಬೀದಿಗಳಲ್ಲಿ ಪ್ರಾಣಿಯಂತೆ ಎಳೆಸಿಕೊಳ್ಳಬೇಕೆಂದಳು. ಆಕೆಯ ಪಾಪನಿವೇದನೆ ಕೇಳುತ್ತಿದ್ದ ಗುರು ಜ್ಯೂಂತಾ ಎರಡನ್ನೂ ಕೂಡದೆಂದು ತಡೆದರು. ಆಕೆಯ ಚರಿತ್ರೆಯನ್ನು ಬರೆದವರೂ ಅವರೇ.

ಗುರುಗಳು ತಡೆದದ್ದು ಏಕೆಂದು ಸ್ವಲ್ಪ ಯೋಚಿಸಿರಿ. ತನ್ನನ್ನು ತಾನೇ ತುಳಿಯುವುದನ್ನು ನಾವು ದೀನತೆ ಎಂದು ಎಣಿಸುತ್ತೇವೆ. "ನಾನು ಪಾಪಿ, ನನಗೆ ಇದೇ ಸರಿ" ಎನ್ನುವ ಹೆಂಗಸನ್ನು ಭಕ್ತೆ ಎಂದು ಹೊಗಳುವವರೂ ಇದ್ದಾರೆ. ಮಾಡಿದ ಪಾಪಕ್ಕೆ ಪಶ್ಚಾತ್ತಾಪ ಬೇಕು, ನಿಜ. ಆದರೆ ಮಾರ್ಗರೇಟ್ ಹೊರಲು ಹೊರಟದ್ದು ತನ್ನ ಪಾಪವನ್ನು ಮಾತ್ರವಲ್ಲ. ಮಾತು ತಪ್ಪಿದವನ, ಮಲತಾಯಿಯ, ಬಾಗಿಲು ಮುಚ್ಚಿದ ತಂದೆಯ ಪಾಪವನ್ನೂ. ಅದನ್ನು ಹೊರುವಂತೆ ದೇವರು ಯಾರನ್ನೂ ಕೇಳುವುದಿಲ್ಲ. ಪಾಪನಿವೇದನೆಗೆ ಹೋಗುವಾಗ ನಿಮ್ಮದನ್ನು ನಿಮ್ಮದೆಂದು ಹೇಳಿರಿ. ಇತರರದ್ದನ್ನು ಅವರಿಗೇ ಬಿಡಿರಿ.

ಜ್ಯೂಂತಾ ಬರೆದ ಚರಿತ್ರೆಯಲ್ಲಿ ನನ್ನ ಮನಸ್ಸಿಗೆ ತಟ್ಟಿದ ಒಂದು ಸಂಗತಿ ಇದೆ. ಪ್ರಾರ್ಥನೆಯಲ್ಲಿ ಪ್ರಭು ಮೊದಮೊದಲು ಆಕೆಯನ್ನು "ಬಡವಿ" ಎಂದು ಕರೆಯುತ್ತಿದ್ದರಂತೆ. "ಮಗಳೇ" ಎಂಬ ಕರೆಯನ್ನು ಕೇಳಬೇಕೆಂಬುದು ಆಕೆಯ ಹಂಬಲ. ತನ್ನ ಇಡೀ ಬಾಳನ್ನು ಮರೆಮಾಚದೆ ಪಾಪನಿವೇದನೆಯಲ್ಲಿ ಹೇಳಿಕೊಂಡ ಮೇಲೆ ಆ ಮಾತು ಕೇಳಿಸಿತು. ಹೆತ್ತ ತಂದೆ ಕೊಡಲೊಪ್ಪದ ಹೆಸರು ಅದು. ನಮಗೆ ದೀಕ್ಷಾಸ್ನಾನದಲ್ಲಿಯೇ ಸಿಕ್ಕಿರುವ ಹೆಸರೂ ಅದೇ. ಯಾರು ಎಷ್ಟು ಬೈದರೂ ಅದು ರದ್ದಾಗುವುದಿಲ್ಲ.

ಇನ್ನೊಂದು ಮಾತು. ಮೂರನೆಯ ಸಭೆಗೆ ಸೇರಿಸಿಕೊಳ್ಳುವ ಮೊದಲು ಗುರುಗಳು ಆಕೆಯನ್ನು ಮೂರು ವರ್ಷ ಕಾಯಿಸಿದರು. ಆ ಕಾಲದಲ್ಲಿ ಆಕೆ ರೋಗಿಗಳ ಶುಶ್ರೂಷೆ ಮಾಡಿ ದುಡಿದು ಬದುಕಿದಳು. ಒಂದು ಸಂಬಂಧ ಮುರಿದ ಮರುದಿನವೇ ಇನ್ನೊಬ್ಬರ ಆಸರೆ ಹುಡುಕುವವರಿಗೆ ಈ ಮೂರು ವರ್ಷ ಔಷಧಿಯಂತಿದೆ. ಸ್ವಂತ ದುಡಿಮೆಯ ಅನ್ನ ಉಂಡಾಗ, ಇನ್ನೊಬ್ಬರಿಗೆ ನಮ್ಮ ಕೈಯಿಂದ ಉಪಕಾರವಾದಾಗ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಆಕೆ ಮುಂದೆ ಕೊರ್ಟೋನಾದಲ್ಲಿ ಬಡರೋಗಿಗಳಿಗಾಗಿ ಆಸ್ಪತ್ರೆಯನ್ನೇ ಕಟ್ಟಿಸಿದಳು. ಮಗ ಫ್ರಾನ್ಸಿಸ್ಕನ್ ಸಭೆ ಸೇರಿದ. 1728ರಲ್ಲಿ ಧರ್ಮಸಭೆ ಆಕೆಯನ್ನು ಸಂತರ ಸಾಲಿಗೆ ಸೇರಿಸಿತು.

ಈಗಲೂ ಏಟು ತಿನ್ನುತ್ತಿರುವ ಸಹೋದರಿಯರಿಗೆ ಹೇಳಬೇಕಾದದ್ದಿದೆ. "ಕ್ಷಮಿಸಿ ಮರಳಿ ಹೋಗು, ಅದು ನಿನ್ನ ಶಿಲುಬೆ" ಎಂದು ಹಿರಿಯರು ಹೇಳುವುದುಂಟು. ಕ್ಷಮಿಸುವುದು ಬೇರೆ, ಅಪಾಯದೊಳಕ್ಕೆ ಮರಳಿ ಹೋಗುವುದು ಬೇರೆ. ಸಂಗಾತಿಯಿಂದ ದೇಹಕ್ಕೋ ಮನಸ್ಸಿಗೋ ಮಕ್ಕಳಿಗೋ ಗಂಭೀರ ಅಪಾಯವಿದ್ದರೆ ಬೇರೆಯಾಗಿ ವಾಸಿಸಲು ನ್ಯಾಯವಾದ ಕಾರಣವಿದೆ ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1153ನೆಯ ವಿಧಿ ಹೇಳುತ್ತದೆ. ತಡಮಾಡಿದರೆ ಅಪಾಯವೆಂದಾದರೆ ಧರ್ಮಾಧ್ಯಕ್ಷರ ಅಪ್ಪಣೆಗೂ ಕಾಯಬೇಕಾಗಿಲ್ಲ. ಇದರಿಂದ ವಿವಾಹದ ಬಂಧನ ಕಡಿದುಹೋಗುವುದಿಲ್ಲ, ನಿಮ್ಮ ಮೇಲೆ ಪಾಪವೂ ಬರುವುದಿಲ್ಲ. ಕೆಲವು ಸಂದರ್ಭಗಳಲ್ಲಿ ಬೇರೆಯಾಗುವುದು ನೈತಿಕವಾಗಿ ಅಗತ್ಯವೇ ಆಗಬಹುದೆಂದು ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಕುಟುಂಬದ ಕುರಿತ ತಮ್ಮ ಪ್ರೇರಣಾಪತ್ರದಲ್ಲಿ ಬರೆದರು. ನಾಡಿನ ಕಾನೂನೂ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ ಮೂಲಕ ನಿಮ್ಮ ಪರವಾಗಿದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181.

ಉಳಿದವರು, ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಆ ಹಿಂದಿನ ಸಾಲಿನ ಕಡೆಗೊಮ್ಮೆ ಹೋಗಿರಿ. ಉಪದೇಶ ಬೇಡ. ಕಾಫಿಗೆ ಮನೆಗೆ ಕರೆಯಿರಿ.