ಬೀಟಾ ಥಲಸೇಮಿಯಾ: ಒಂದಕ್ಷರದ ದೋಷ, ಒಂದು ದೊಡ್ಡ ಪಟ್ಟಿ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ಹಳೆಯ ರೂಢಿ. ಇಂಥ ಮದುವೆಯಲ್ಲಿ ಗಂಡ-ಹೆಂಡತಿ ಇಬ್ಬರೂ ಒಂದೇ ಜೀನುದೋಷದ ವಾಹಕರಾಗಿರುವ ಸಾಧ್ಯತೆ ಹೆಚ್ಚು. ರಕ್ತದ ಆನುವಂಶಿಕ ರೋಗವಾದ ಬೀಟಾ ಥಲಸೇಮಿಯಾಕ್ಕೆ ಇಬ್ಬರೂ ವಾಹಕರಾದರೆ ಪ್ರತಿ ಗರ್ಭಕ್ಕೂ ರೋಗದ ಅಪಾಯ ಶೇ. 25. ಮೊದಲ ಮಗುವಿಗೆ ಬಂದರೆ ಮುಂದಿನ ಮೂರು ಪಾರು ಎಂಬ ಲೆಕ್ಕ ಶುದ್ಧ ತಪ್ಪು.

ದೋಷವಿರುವುದು 11ನೇ ವರ್ಣತಂತುವಿನ ಎಚ್‌ಬಿಬಿ ಜೀನಿನಲ್ಲಿ. ಭಾರತದಲ್ಲಿ ಹೆಚ್ಚಾಗಿ ಕಾಣುವ ಉತ್ಪರಿವರ್ತನೆ ಐವಿಎಸ್ 1-5: ಡಿಎನ್‌ಎಯಲ್ಲಿ ‘ಜಿ’ ಅಕ್ಷರ ಇರಬೇಕಾದಲ್ಲಿ ‘ಸಿ’.

ಇಂಥ ಆನುವಂಶಿಕ ಲಕ್ಷಣ, ರೋಗಗಳ ಪಟ್ಟಿಯನ್ನು 1966ರಲ್ಲಿ ಪುಸ್ತಕವಾಗಿ ತಂದವರು ಅಮೆರಿಕದ ವೈದ್ಯ ವಿಕ್ಟರ್ ಮೆಕುಸಿಕ್. 1987ರಲ್ಲಿ ಅದು ಆನ್‌ಲೈನ್‌ಗೆ ಬಂತು. ಇಂದಿನ ಹೆಸರು ‘ಓಮಿಮ್’. ಅದರಲ್ಲಿ ಎಚ್‌ಬಿಬಿಯ ಸಂಖ್ಯೆ 141900.