ಮೂತ್ರಪಿಂಡ ಸೋತ ಮುದಿ ಬೆಕ್ಕಿಗೆ ಆಹಾರ ಕೊಡುವ ಕ್ರಮ

ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗದ ಸುತ್ತಿನ ಹಳ್ಳಿಗಳಲ್ಲಿ ರಾಗಿ ಮುಖ್ಯ ಬೆಳೆ. ಚೆನ್ನಾಗಿ ಒಣಗಿಸಿ ಶೇಖರಿಸಿದ ರಾಗಿಗೆ ಹುಳುವಿನ ಬಾಧೆ ಕಡಿಮೆ; ಆದರೆ ಇಲಿಯ ಕಾಟ ತಪ್ಪಿದ್ದಲ್ಲ. ಇಲಿ ಕಾಳನ್ನು ತಿನ್ನುವುದಲ್ಲದೆ, ಹಿಕ್ಕೆ ಹಾಗೂ ಮೂತ್ರದಿಂದ ಉಳಿದ ಕಾಳನ್ನೂ ಕೆಡಿಸುತ್ತದೆ. ಆದ್ದರಿಂದಲೇ ರಾಗಿ ಮೂಟೆ ಇರುವ ಮನೆಯಲ್ಲಿ ಬೆಕ್ಕೂ ಇರುತ್ತದೆ. ಹತ್ತು ಹನ್ನೆರಡು ವರ್ಷ ಮೂಟೆ ಕಾದ ಬೆಕ್ಕು ಆಹಾರ ಬಿಟ್ಟು ಮೂಲೆ ಹಿಡಿದಾಗ "ಅದಕ್ಕೆ ವಯಸ್ಸಾಯಿತು" ಎಂದು ಸುಮ್ಮನಾಗುವುದು ವಾಡಿಕೆ. ಅನೇಕ ವೇಳೆ ಇದು ಬರಿಯ ಮುಪ್ಪಲ್ಲ, ಮೂತ್ರಪಿಂಡದ ಕಾಯಿಲೆ. ದೀರ್ಘಕಾಲದ ಈ ಕಾಯಿಲೆಯನ್ನು ಪೂರ್ಣ ಗುಣಪಡಿಸಲಾಗುವುದಿಲ್ಲ. ಆದರೆ ಆಹಾರ ಸೇವನೆ ನಿಲ್ಲದಂತೆ ನೋಡಿಕೊಂಡರೆ ಎಷ್ಟೋ ಬೆಕ್ಕುಗಳು ತಿಂಗಳುಗಟ್ಟಲೆ, ಕೆಲವು ವರ್ಷಗಟ್ಟಲೆ ನೆಮ್ಮದಿಯಿಂದ ಬದುಕುತ್ತವೆ.

ಕಾಯಿಲೆಯ ಲಕ್ಷಣಗಳು

ಮೂತ್ರಪಿಂಡದ ಕೆಲಸ ಮಾಡುವ ಭಾಗದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹಾಳಾಗುವವರೆಗೆ ಹೊರಗೆ ಏನೂ ಕಾಣಿಸದು. ಆಮೇಲೆ ಬೆಕ್ಕು ಹೆಚ್ಚು ನೀರು ಕುಡಿಯುತ್ತದೆ, ಹೆಚ್ಚು ಮೂತ್ರ ಮಾಡುತ್ತದೆ. ಮೈ ಇಳಿಯುತ್ತದೆ, ಕೂದಲು ಹೊಳಪು ಕಳೆದುಕೊಳ್ಳುತ್ತದೆ, ಬಾಯಿ ವಾಸನೆ ಬರುತ್ತದೆ, ಆಗಾಗ ವಾಂತಿಯಾಗುತ್ತದೆ.

ಹಸಿವು ಏಕೆ ಕೆಡುತ್ತದೆ?

ಮೂತ್ರದಲ್ಲಿ ಹೊರಹೋಗಬೇಕಾದ ಕಲ್ಮಷ ರಕ್ತದಲ್ಲಿ ಉಳಿಯುವುದರಿಂದ ಹೊಟ್ಟೆ ತೊಳಸುತ್ತದೆ. ಮೈಯಲ್ಲಿ ನೀರು ಕಡಿಮೆಯಾಗಿ ಮಲಬದ್ಧತೆ ಉಂಟಾಗುತ್ತದೆ. ಬಾಯಿಯಲ್ಲಿ ಹುಣ್ಣೂ ಆಗಬಹುದು. ಮನೆಯವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಬೆಕ್ಕು ತಟ್ಟೆಯ ಬಳಿ ಬಂದು, ಮೂಸಿ, ತುಟಿ ನೆಕ್ಕಿಕೊಂಡು ಹಿಂದಿರುಗಿದರೆ ಅದಕ್ಕೆ ಹೊಟ್ಟೆ ತೊಳಸುತ್ತಿರುವ ಸಂಭವ ಹೆಚ್ಚು. ಬಾಯಿಗೆ ತೆಗೆದುಕೊಂಡ ತುತ್ತನ್ನು ಕೆಳಗೆ ಬೀಳಿಸಿದರೆ ಹಲ್ಲು ಅಥವಾ ಬಾಯಿಯ ನೋವಿರಬಹುದು. ಇದನ್ನು ತಿಳಿಸಿದರೆ ವೈದ್ಯರಿಗೆ ಚಿಕಿತ್ಸೆ ಸುಲಭವಾಗುತ್ತದೆ.

ಮೊದಲು ತಿನ್ನಲಿ, ಆಮೇಲೆ ಪಥ್ಯ

ದನ ಒಂದೆರಡು ದಿನ ಮೇವು ಬಿಟ್ಟರೂ ಚೇತರಿಸಿಕೊಳ್ಳಬಹುದು. ಬೆಕ್ಕಿನ ದೇಹಪ್ರಕೃತಿ ಬೇರೆ. ಕೆಲವೇ ದಿನ ಆಹಾರವಿಲ್ಲದಿದ್ದರೆ ಮೈಯ ಕೊಬ್ಬು ಕರಗಿ ಪಿತ್ತಜನಕಾಂಗದಲ್ಲಿ ಶೇಖರವಾಗುತ್ತದೆ, ಆ ಅಂಗವೂ ಸೋಲುತ್ತದೆ. ದಪ್ಪಗಿರುವ ಬೆಕ್ಕಿಗೆ ಈ ಅಪಾಯ ಹೆಚ್ಚು. ಆದ್ದರಿಂದ ಮೊದಲ ದಿನಗಳಲ್ಲಿ ಯಾವುದು ಪಥ್ಯ ಎಂಬುದಕ್ಕಿಂತ ಯಾವುದನ್ನು ತಿನ್ನುತ್ತದೆ ಎಂಬುದೇ ಮುಖ್ಯ. 4 ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ ಸುಮಾರು 200 ಕಿಲೋ ಕ್ಯಾಲೊರಿ ಶಕ್ತಿ ಬೇಕು. ಒಂದು ಕೋಳಿಮೊಟ್ಟೆಯಲ್ಲಿ ಸಿಗುವುದು ಸುಮಾರು 70. ಎರಡು ಚಮಚ ಹಾಲು ನೆಕ್ಕಿದ್ದನ್ನು ಊಟವೆಂದು ಲೆಕ್ಕ ಹಿಡಿಯಬಾರದು.

ಆಹಾರ ಕೊಡುವ ವಿಧಾನ

1. ಬೇಯಿಸಿದ ಕೋಳಿಮಾಂಸ, ಮೊಟ್ಟೆ ಅಥವಾ ಮುಳ್ಳು ತೆಗೆದ ಹಸಿಮೀನನ್ನು ಬೇಯಿಸಿ, ನುಣ್ಣಗೆ ಹಿಸುಕಿ ಕೊಡಬೇಕು. ಉಪ್ಪು, ಖಾರ, ಮಸಾಲೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ನಾಶ ಮಾಡುವುದರಿಂದ ಮನೆಯ ಸಾರನ್ನು ಬೆರೆಸಬಾರದು.

2. ಆಹಾರ ಉಗುರುಬೆಚ್ಚಗಿರಬೇಕು. ಬೆಕ್ಕು ವಾಸನೆಯಿಂದಲೇ ಆಹಾರವನ್ನು ಒಪ್ಪುತ್ತದೆ. ಬಿಸಿ ತಾಗಿದಾಗ ವಾಸನೆ ಏಳುತ್ತದೆ. ಉಪ್ಪಿಲ್ಲದೆ ಕೋಳಿ ಬೇಯಿಸಿದ ನೀರನ್ನು ಮೇಲೆ ಹನಿಸಬಹುದು.

3. ದಿನಕ್ಕೆ ಐದಾರು ಸಲ, ಒಂದೊಂದು ಚಮಚದಂತೆ ಕೊಟ್ಟು, ತಿಂದಷ್ಟೂ ಹೆಚ್ಚಿಸಬೇಕು. ಅರ್ಧ ಗಂಟೆಯಲ್ಲಿ ಮುಟ್ಟದಿದ್ದರೆ ತಟ್ಟೆ ತೆಗೆದುಬಿಡಬೇಕು. ಸದಾ ಮುಂದೆ ಇಟ್ಟರೆ ಆ ವಾಸನೆಗೇ ಅಸಹ್ಯ ಹುಟ್ಟುತ್ತದೆ.

4. ಅಗಲವಾದ ಚಪ್ಪಟೆ ತಟ್ಟೆ, ನಾಯಿ ಮಕ್ಕಳು ಬಾರದ ಮೂಲೆ ಒಳ್ಳೆಯದು.

5. ನೀರನ್ನು ಅಗಲ ಬಾಯಿಯ ಪಾತ್ರೆಗಳಲ್ಲಿ ಎರಡು ಮೂರು ಕಡೆ, ಆಹಾರದಿಂದ ದೂರ ಇಡಬೇಕು. ಹೆಚ್ಚು ಮೂತ್ರ ಮಾಡುತ್ತದೆಂದು ನೀರನ್ನು ಕಡಿಮೆ ಮಾಡುವುದು ಅಪಾಯಕರ.

6. ದನಕ್ಕೆ ಗೊಟ್ಟದಲ್ಲಿ ಔಷಧ ಕುಡಿಸುವಂತೆ ಬೆಕ್ಕಿನ ಬಾಯಿಗೆ ಗಂಜಿ ಸುರಿಯಬಾರದು. ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೆ ಅಪಾಯ. ಮೂಗಿನ ಬಳಿ ಬೆರಳಲ್ಲಿ ಸ್ವಲ್ಪ ಹಿಡಿದು ತಾನಾಗಿ ನೆಕ್ಕಲು ಬಿಡಬೇಕು.

ಪಥ್ಯದ ಹಂತ

ಬೆಕ್ಕು ನಾಲ್ಕೈದು ದಿನ ಚೆನ್ನಾಗಿ ತಿಂದ ಮೇಲೆ ಪಥ್ಯಕ್ಕೆ ತಿರುಗಿಸಬಹುದು. ಗೊಬ್ಬರದ ಚೀಲದ ಮೇಲೆ ರೈತರು ಓದುವ ರಂಜಕವೇ ಇಲ್ಲಿ ಮುಖ್ಯ. ಸೋತ ಮೂತ್ರಪಿಂಡ ಆಹಾರದಲ್ಲಿ ಹೆಚ್ಚಾದ ರಂಜಕವನ್ನು ಹೊರಹಾಕಲಾರದು. ಮೂಳೆ, ಒಣಮೀನು, ಹಾಲು ಇವುಗಳಲ್ಲಿ ರಂಜಕ ಹೆಚ್ಚು. ಮೊಟ್ಟೆಯ ಬಿಳಿಭಾಗದಲ್ಲಿ ಬಹಳ ಕಡಿಮೆ. ಮಾಂಸವನ್ನು ಬೇಯಿಸಿ ನೀರು ಬಸಿದರೆ ಸ್ವಲ್ಪ ರಂಜಕ ನೀರಿನೊಡನೆ ಹೋಗುತ್ತದೆ. ಹಾಗೆಂದು ಮುದ್ದೆ, ಹಾಲನ್ನಗಳಲ್ಲಿ ಮಾತ್ರ ಸಾಕುವುದು ಸರಿಯಲ್ಲ. ಬೆಕ್ಕು ಮಾಂಸಾಹಾರಿ ಪ್ರಾಣಿ. ಈ ಕಾಯಿಲೆಗೆಂದೇ ತಯಾರಿಸಿದ ಆಹಾರ ಬೆಂಗಳೂರಿನಲ್ಲಿ ಸಿಗುತ್ತದೆ. ಅದನ್ನು ಹಳೆಯ ಆಹಾರದೊಡನೆ ಎರಡು ಮೂರು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬೆರೆಸಬೇಕು. ತಿನ್ನುವುದು ಕಡಿಮೆಯಾದರೆ ಮತ್ತೆ ಹಳೆಯ ಆಹಾರಕ್ಕೇ ಹಿಂದಿರುಗಬೇಕು.

ವೈದ್ಯರ ಸಹಾಯ ಯಾವಾಗ?

ಒಂದು ಇಡೀ ದಿನ ಏನೂ ತಿನ್ನದಿದ್ದರೆ, ಪದೇ ಪದೇ ವಾಂತಿಯಾದರೆ, ಮೂತ್ರವೇ ನಿಂತರೆ ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಬೇಕು. ರಕ್ತ ಹಾಗೂ ಮೂತ್ರ ಪರೀಕ್ಷೆಯಿಂದ ಕಾಯಿಲೆ ತಿಳಿಯುತ್ತದೆ. ವಾಂತಿ ತಡೆಯುವ, ಹಸಿವು ಹೆಚ್ಚಿಸುವ ಔಷಧಗಳಿವೆ. ಚರ್ಮದಡಿ ದ್ರವ ಕೊಟ್ಟರೆ ಎಷ್ಟೋ ಬೆಕ್ಕುಗಳು ತಿನ್ನಲು ತೊಡಗುತ್ತವೆ. ಹೆಚ್ಚಿನ ಪರೀಕ್ಷೆಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಮನುಷ್ಯರ ಜ್ವರದ ಮಾತ್ರೆ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅರ್ಧ ಮಾತ್ರೆಯನ್ನೂ ಕೊಡಬಾರದು. ಮನೆಯಲ್ಲಿ ಅಥವಾ ಹೊಲದಲ್ಲಿ ಜಿಂಕ್ ಫಾಸ್ಫೈಡ್ ಮೊದಲಾದ ಇಲಿ ಪಾಷಾಣ ಇಟ್ಟಿದ್ದರೆ ಅದನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ವಾರಕ್ಕೊಮ್ಮೆ ಬೆಕ್ಕನ್ನು ಚೀಲದಲ್ಲಿ ಕೂರಿಸಿ ತೂಗಿ, ತೂಕ ಬರೆದಿಡುವುದು ಒಳ್ಳೆಯದು. 4 ಕಿಲೋ ಇದ್ದದ್ದು 3.6ಕ್ಕೆ ಇಳಿದರೆ ಹತ್ತರಲ್ಲಿ ಒಂದು ಪಾಲು ನಷ್ಟವಾದಂತೆ. ಕೂದಲ ಮರೆಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಚಿಕಿತ್ಸೆಯ ನಂತರವೂ ಆಹಾರ ನೀರು ಮುಟ್ಟದೆ, ಏಳಲಾರದೆ ನರಳುತ್ತಿದ್ದರೆ ನೋವಿಲ್ಲದ ಅಂತ್ಯದ ಬಗ್ಗೆ ವೈದ್ಯರೊಡನೆ ಮಾತನಾಡಬೇಕು. ಆದರೆ ಆ ತೀರ್ಮಾನ ಪರೀಕ್ಷೆ, ಚಿಕಿತ್ಸೆಗಳಾದ ಮೇಲಿನದು. ತಟ್ಟೆ ಬಿಟ್ಟ ಮೊದಲ ದಿನವೇ ಬೆಕ್ಕಿನ ಆಸೆ ಬಿಡಬೇಕಾಗಿಲ್ಲ.