ಪುಟ್ಟ ಮೋಟಾರಿಗೆ ಧೂಳಿನ ಕಾಟ

ರೇಡಿಯೋ ಅಲೆಗಳ ಸಹಾಯದಿಂದ ದೂರದಲ್ಲಿ ನಿಂತು ನಡೆಸುವ ಪುಟ್ಟ ಕಾರುಗಳನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ನುಣುಪಾದ ನೆಲದ ಮೇಲೆ ಬಹುಕಾಲ ಸುಗಮವಾಗಿ ಓಡುವ ಇಂಥ ಕಾರನ್ನು ಮಣ್ಣಿನ ಬಯಲಿಗೆ ಒಯ್ದರೆ, ಕೆಲವು ದಿನಗಳಲ್ಲಿಯೇ ಅದರ ಮೋಟಾರು ಕರಕರ ಸದ್ದು ಮಾಡತೊಡಗುತ್ತದೆ, ವೇಗ ಕುಗ್ಗುತ್ತದೆ. ಇದಕ್ಕೆ ಧೂಳೇ ಕಾರಣವೆಂದು ತಿಳಿದೊಡನೆ ನಮಗೆ ಹೊಳೆಯುವ ಮೊದಲ ಉಪಾಯವೆಂದರೆ, ಮೋಟಾರಿನ ರಂಧ್ರಗಳನ್ನೆಲ್ಲ ಅಂಟುಪಟ್ಟಿಯಿಂದ ಮುಚ್ಚಿಬಿಡುವುದು. ಆಗ ಧೂಳು ಒಳಹೊಗದು, ನಿಜ. ಆದರೆ ನಿಧಾನವಾಗಿ ಸವೆಯುತ್ತಿದ್ದ ಮೋಟಾರು ಒಂದೇ ಸಂಜೆಯಲ್ಲಿ ಸುಟ್ಟುಹೋಗಬಹುದು. ಹೀಗೇಕಾಗುತ್ತದೆ ಎಂಬುದನ್ನು ಈಗ ವಿಚಾರ ಮಾಡೋಣ.

ಮೊದಲು ಮೋಟಾರಿನ ರಚನೆಯನ್ನು ನೆನಪಿಗೆ ತಂದುಕೊಳ್ಳಬೇಕು. ಇಂಥ ಕಾರುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು ಮೋಟಾರು ಸುಮಾರು 36 ಮಿಲಿಮೀಟರು ವ್ಯಾಸವೂ 50 ಮಿಲಿಮೀಟರು ಉದ್ದವೂ ಉಳ್ಳ ಉಕ್ಕಿನ ಡಬ್ಬಿ. ಡಬ್ಬಿಯ ಒಳಮೈಗೆ ಶಾಶ್ವತ ಕಾಂತಗಳು ಅಂಟಿಕೊಂಡಿರುತ್ತವೆ. ಅವುಗಳ ನಡುವೆ ತಾಮ್ರದ ತಂತಿಸುರುಳಿಗಳನ್ನು ಹೊತ್ತ ಆರ್ಮೇಚರು ತಿರುಗುತ್ತದೆ. ಅದರ ಅಕ್ಷದ ಮೇಲೆ ತಾಮ್ರದ ಪಟ್ಟಿಗಳಿಂದಾದ ಕಮ್ಯುಟೇಟರು ಇದೆ. ಇದನ್ನು ಒತ್ತಿಕೊಂಡಿರುವ ಇಂಗಾಲದ ಎರಡು ತುಂಡುಗಳಿಗೆ ಬ್ರಷ್ಷುಗಳೆಂದು ಹೆಸರು. ಬ್ಯಾಟರಿಯ ವಿದ್ಯುತ್ತು ಇವುಗಳ ಮೂಲಕವೇ ಸುರುಳಿಗಳನ್ನು ಸೇರುತ್ತದೆ. ಅಕ್ಷವನ್ನು ಎರಡು ಕಡೆಯೂ ಬೇರಿಂಗುಗಳು ಹಿಡಿದಿರುತ್ತವೆ.

ಇಂಥ ಯಂತ್ರವನ್ನು ಹೊಕ್ಕ ಧೂಳು ಮೂರು ವಿಧವಾಗಿ ಕೇಡು ಮಾಡುತ್ತದೆ. ಮಣ್ಣಿನಲ್ಲಿ ಬೆಣಚುಕಲ್ಲಿನ ಸಣ್ಣ ಕಣಗಳು ಹೇರಳವಾಗಿವೆ. ಖನಿಜಗಳ ಗಡಸುತನವನ್ನು ಹೇಳುವ ಮೋಸ್ ಮಾನದಲ್ಲಿ ಬೆಣಚುಕಲ್ಲಿನ ಅಂಕ 7. ತಾಮ್ರದ್ದು ಕೇವಲ 3. ಆದ್ದರಿಂದ ಬ್ರಷ್ಷಿನ ಅಡಿಗೆ ಸಿಕ್ಕ ಕಣವು ಕಮ್ಯುಟೇಟರನ್ನು ಗೀರುತ್ತದೆ. ಗೀರಿದ ಮೈಯ ಮೇಲೆ ಬ್ರಷ್ಷು ಸರಿಯಾಗಿ ಕೂಡದೆ ಕಿಡಿ ಹಾರುತ್ತದೆ. ಕಿಡಿಯಿಂದ ಮೈ ಇನ್ನಷ್ಟು ಒರಟಾಗುತ್ತದೆ. ಎರಡನೆಯದಾಗಿ, ಬೇರಿಂಗಿನ ಎಣ್ಣೆಯೊಡನೆ ಧೂಳು ಬೆರೆತು ಸಾಣೆ ಹಿಡಿಯುವ ಲೇಪದಂತಾಗುತ್ತದೆ. ಮೂರನೆಯದಾಗಿ, ಮಣ್ಣಿನಲ್ಲಿರುವ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರಿನ ಕಣಗಳು ಕಾಂತಗಳಿಗೆ ಅಂಟಿಕೊಂಡು, ಆರ್ಮೇಚರಿಗೂ ಕಾಂತಕ್ಕೂ ನಡುವೆ ಇರುವ ಕಿರಿದಾದ ಅಂತರದಲ್ಲಿ ಉಜ್ಜುತ್ತವೆ. ಈ ಕೊನೆಯ ಅಂಶವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಕಾಂತವೊಂದನ್ನು ಕಾಗದದಲ್ಲಿ ಸುತ್ತಿ ಒಣ ಮರಳಿನ ಮೇಲೆ ಆಡಿಸಿದರೆ, ಅನೇಕ ಕಡೆಗಳಲ್ಲಿ ಕಪ್ಪು ಕಣಗಳು ಕಾಗದಕ್ಕೆ ಹತ್ತಿಕೊಳ್ಳುತ್ತವೆ. ಕಾಗದವನ್ನು ಬಿಚ್ಚಿದೊಡನೆ ಅವು ಉದುರುತ್ತವೆ. ಮೋಟಾರಿನ ಕಾಂತಕ್ಕೆ ಇಂಥ ಕಾಗದವಿಲ್ಲ.

ಹಾಗಾದರೆ ರಂಧ್ರಗಳನ್ನು ಮುಚ್ಚಿದರೆ ತಪ್ಪೇನು? ಮೋಟಾರು 7.2 ವೋಲ್ಟಿನಲ್ಲಿ 15 ಆಂಪಿಯರು ಪ್ರವಾಹವನ್ನು ಸೆಳೆಯುತ್ತಿದೆಯೆಂದು ಇಟ್ಟುಕೊಳ್ಳೋಣ. ಅದಕ್ಕೆ ದೊರೆಯುವ ಸಾಮರ್ಥ್ಯ 108 ವಾಟು. ಇದರಲ್ಲಿ ನೂರಕ್ಕೆ 70 ಭಾಗ ಕೆಲಸವಾಗಿ ಪರಿಣಮಿಸಿದರೂ ಉಳಿದ ಸುಮಾರು 32 ವಾಟು ಉಷ್ಣವಾಗುತ್ತದೆ. ರೇಡಿಯೋ ದುರಸ್ತಿಯವರು ತವರವನ್ನು ಕರಗಿಸುವ ಸಾಲ್ಡರಿಂಗ್ ಐರನ್ ಅನೇಕ ವೇಳೆ 25 ವಾಟಿನದು! ಈ ಉಷ್ಣದ ಬಹುಭಾಗ ಹುಟ್ಟುವುದು ಒಳಗೆ ತಿರುಗುವ ಸುರುಳಿಗಳಲ್ಲಿ. ಅದು ಹೊರಬರಲು ರಂಧ್ರಗಳ ಮೂಲಕ ಹರಿಯುವ ಗಾಳಿಯೇ ಮುಖ್ಯ ಆಸರೆ. ಆ ದಾರಿ ಮುಚ್ಚಿದಾಗ ಸುರುಳಿ ಕಾಯುತ್ತದೆ. ತಾಮ್ರವು 20 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್ಸಿಗೆ ಕಾದರೆ ಅದರ ವಿದ್ಯುದ್ರೋಧವು ನೂರಕ್ಕೆ 31ರಷ್ಟು ಏರುತ್ತದೆ. ಅಂದರೆ ಅಷ್ಟೇ ಪ್ರವಾಹಕ್ಕೆ ಸುರುಳಿಯಲ್ಲಿ ಇನ್ನೂ ಹೆಚ್ಚು ಉಷ್ಣ ಹುಟ್ಟುತ್ತದೆ. ಕೊನೆಗೆ ತಂತಿಯ ಮೇಲಿನ ನಿರೋಧಕ ಲೇಪವೇ ಸುಟ್ಟು ಮೋಟಾರು ನಿಲ್ಲುತ್ತದೆ.

ಇನ್ನೊಂದು ಮಾತನ್ನೂ ಮರೆಯಬಾರದು. ಬ್ರಷ್ಷುಗಳು ಸವೆದಂತೆ ಇಂಗಾಲದ ಪುಡಿ ಒಳಗೇ ಹುಟ್ಟುತ್ತದೆ. ಇದು ವಿದ್ಯುದ್ವಾಹಕ. ಹೊರಹೋಗಲು ದಾರಿಯಿಲ್ಲದಿದ್ದರೆ ಈ ಪುಡಿ ಕಮ್ಯುಟೇಟರಿನ ಪಟ್ಟಿಗಳ ಸಂದುಗಳಲ್ಲಿ ತುಂಬಿ, ಪ್ರವಾಹವು ಅಡ್ಡದಾರಿ ಹಿಡಿಯುವಂತೆ ಮಾಡುತ್ತದೆ. ಹೊರಗಿನ ಧೂಳನ್ನು ತಡೆಯಲು ಹಾಕಿದ ಮುಚ್ಚಳವು ಒಳಗಿನ ಧೂಳನ್ನು ಕೂಡಿಡುತ್ತದೆ.

ಆದರೆ ಹಿಟ್ಟಿನ ಗಿರಣಿಗಳಲ್ಲಿ ಸಂಪೂರ್ಣ ಮುಚ್ಚಿದ ಮೋಟಾರುಗಳು ದಿನವಿಡೀ ನಡೆಯುತ್ತವಲ್ಲ ಎಂದು ವಾಚಕರು ಕೇಳಬಹುದು. ಅವುಗಳಿಗೆ ಬ್ರಷ್ಷುಗಳಿಲ್ಲ. ಮುಖ್ಯ ತಂತಿಸುರುಳಿಗಳು ತಿರುಗದೆ ಹೊರಕವಚಕ್ಕೆ ತಗುಲಿಕೊಂಡಿರುವುದರಿಂದ ಉಷ್ಣವು ಲೋಹದ ಮೂಲಕವೇ ಹೊರಕ್ಕೆ ಹರಿಯುತ್ತದೆ. ಕವಚದ ಏಣುಗಳ ಮೇಲೆ ಹಿಂಬದಿಯ ಫ್ಯಾನು ಗಾಳಿ ಬೀಸುತ್ತದೆ. ಆಟದ ಕಾರುಗಳ ಬ್ರಷ್‌ಲೆಸ್ ಮೋಟಾರುಗಳಲ್ಲಿಯೂ ಹೀಗೆಯೇ: ಸುರುಳಿಗಳು ಹೊರಗೆ ಸ್ಥಿರ, ಕಾಂತವು ಒಳಗೆ ತಿರುಗುತ್ತದೆ. ಆದ್ದರಿಂದಲೇ ಅವುಗಳನ್ನು ಮುಚ್ಚಿದ ಡಬ್ಬಿಯಾಗಿ ನಿರ್ಮಿಸಲು ಸಾಧ್ಯವಾಗಿದೆ. ಆದರೂ ಕವಚದ ಮೇಲೆ ಕೆಸರು ಮೆತ್ತಿದರೆ ಉಷ್ಣದ ದಾರಿ ಕಟ್ಟುತ್ತದೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಕಾಂತಗಳು ಸುಮಾರು 80 ಡಿಗ್ರಿಯನ್ನು ದಾಟಿದರೆ ತಮ್ಮ ಶಕ್ತಿಯನ್ನು ಶಾಶ್ವತವಾಗಿ ಕಳೆದುಕೊಳ್ಳಬಹುದು.

ಈ ವಿಚಾರಗಳಿಂದ ಉಪಾಯಗಳು ತಾವಾಗಿಯೇ ಹೊರಡುತ್ತವೆ. ಬ್ರಷ್ಷುಳ್ಳ ಮೋಟಾರನ್ನು ಬಿಗಿಯಾಗಿ ಮುಚ್ಚುವ ಬದಲು, ಕಾರಿನ ಚೌಕಟ್ಟಿನ ಮೇಲೆ ತೆಳುವಾದ ಜಾಲರಿ ಬಟ್ಟೆಯನ್ನು ಹೊದಿಸಬೇಕು. ಮೋಟಾರಿಗಿಂತ ಬಟ್ಟೆಯ ಹರವು ದೊಡ್ಡದಾದ್ದರಿಂದ ಗಾಳಿ ಮೆಲ್ಲಗೆ ಹಾಯುತ್ತದೆ, ದಪ್ಪ ಕಣಗಳು ಹೊರಗೇ ಉಳಿಯುತ್ತವೆ. ಪ್ರತಿ ಸಲವೂ ಅದನ್ನು ಕೊಡವಬೇಕು. ಧೂಳು ತುಂಬಿದ ಬಟ್ಟೆಗೂ ಅಂಟುಪಟ್ಟಿಗೂ ಭೇದವಿಲ್ಲ. ಆಟ ಮುಗಿದು ಮೋಟಾರು ತಣಿದ ಮೇಲೆ ಮೃದುವಾದ ಒಣ ಕುಂಚದಿಂದ ಹೊರಮೈಯನ್ನು ಗುಡಿಸಿ, ಅನಂತರ ಗಾಳಿ ಊದಿ ಒಳಗಿನ ಪುಡಿಯನ್ನು ಹೊರಡಿಸಬೇಕು. ಪೆಟ್ರೋಲನ್ನು ಎಂದಿಗೂ ಬಳಸಬಾರದು. ಒಂದು ಕಿಡಿ ಸಾಕು, ಬೆಂಕಿ ಹತ್ತುತ್ತದೆ. ಬೇರಿಂಗಿಗೆ ಒಂದೇ ತೊಟ್ಟು ಎಣ್ಣೆ ಹಾಕಿ ಮಿಕ್ಕದ್ದನ್ನು ಒರಸಿಬಿಡಬೇಕು. ಬಯಲಿನಲ್ಲಿ ಓಡಿಸುವಾಗ ಮೋಟಾರಿನ ಅಕ್ಷಕ್ಕೆ ಕಡಮೆ ಹಲ್ಲುಗಳ ಗಾಲಿಯನ್ನು ಜೋಡಿಸಿದರೆ ಭಾರ ಇಳಿದು, ಪ್ರವಾಹ ತಗ್ಗಿ, ಉಷ್ಣವೂ ಕಡಮೆಯಾಗುತ್ತದೆ.

ಯಂತ್ರವೊಂದಕ್ಕೆ ಹೊದಿಕೆ ಹಾಕುವ ಮೊದಲು, ಅದರ ಉಷ್ಣವು ಎಲ್ಲಿ ಹುಟ್ಟಿ ಯಾವ ದಾರಿಯಿಂದ ಹೊರಹೋಗುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಅಗತ್ಯ. ಆ ದಾರಿಯನ್ನು ಬಿಟ್ಟು ಮಿಕ್ಕದ್ದನ್ನು ಮುಚ್ಚಿದರೆ ಮೋಟಾರು ಉಳಿಯುತ್ತದೆ.